ಹಳದಿ ಬಿಲ್ಲೆಯ ಹಿರೇಮಠ ಅಂಕಲ್

ಹಿರೇಮಠ ಅಂಕಲ್ ಹುಟ್ಟಿದಾರಭ್ಯ ಮಾಂಸ ಮುಟ್ಟಿದವರಲ್ಲ. ಆದರೂ ಅಮೆರಿಕದ ಆಸ್ಟಿನ್ ಸುತ್ತಮುತ್ತಲ ಬೇಟೆಗಾರರು ಹೊಡೆದ ಜಿಂಕೆಯನ್ನು ತಿನ್ನಬಹುದೋ ಬೇಡವೋ ಎಂದು ಹೇಳುತ್ತಿದ್ದವರು ಅವರೇ. ಧಾರವಾಡದ ಕಡೆಯ ಪಶುವೈದ್ಯರು, ಅಲ್ಲಿ ಜಿಂಕೆಗಳ ಸಂಶೋಧನೆಯಲ್ಲಿದ್ದರು. ಅರಿವಳಿಕೆ ಮದ್ದು ಚುಚ್ಚಿಯೋ ಬಲೆ ಹಾಕಿಯೋ ಹಿಡಿದ ಪ್ರತಿ ಜಿಂಕೆಯ ಕಿವಿಗೂ ಹಳದಿ ಬಿಲ್ಲೆ ಹಾಕಿ ಬಿಡುತ್ತಿದ್ದರು. ತಿನ್ನುವ ಮೊದಲು ಫೋನ್ ಮಾಡಿ ಎಂದು ಅದರ ಮೇಲೆ ಬರೆದಿರುತ್ತಿತ್ತು.

"ಮದ್ದು ಮಾಂಸದಾಗ ಉಳಿದಿರತದ ತಂಗಿ. ಅದು ಇಳಿಯೂ ದಿನಾ ತುಂಬೂತನಕ ತಿನಬಾರದು," ಎಂದು ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು. ಮಧ್ಯಾಹ್ನ ಖಡಕ್ ರೊಟ್ಟಿ ಮುರಿಯುತ್ತಲೇ ಫೋನಿನಲ್ಲಿ ಜಿಂಕೆಯ ತೊಡೆಯ ವಿಚಾರ ಮಾತಾಡುತ್ತಿದ್ದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ. "ನಗಬ್ಯಾಡ. ಕೇಳಿದಾಂವ ನಮ್ಮನ್ನ ನಂಬ್ಯಾನ," ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಹೊಸತು. ಒಬ್ಬ ಮುದುಕ ಫೋನ್ ಮಾಡಿದ. ಕಾಯಿಲೆಯಿಂದ ಊಟ ಬಿಟ್ಟಿದ್ದ ಹೆಂಡತಿ ಬಾಯಿಬಿಟ್ಟು ಕೇಳಿದ್ದು ಜಿಂಕೆ ಮಾಂಸದ ಸಾರು. ಅವನು ಹೊಡೆದ ಜಿಂಕೆಯ ಕಿವಿಯಲ್ಲಿ ನಮ್ಮ ಬಿಲ್ಲೆಯಿತ್ತು. ನಾನು ದಾಖಲೆ ಪುಸ್ತಕ ನೋಡಿ, "ಮೊನ್ನೆಯಷ್ಟೇ ಮದ್ದು ಕೊಟ್ಟಿದ್ದು ಅಂಕಲ್," ಎಂದೆ. ತಿನ್ನಬೇಡಿ ಎಂದು ಅಂಕಲ್ ಮುದುಕನಿಗೆ ಹೇಳಿದರು. ಮುದುಕ ಮಾಂಸವನ್ನೆಲ್ಲ ಹೂತುಹಾಕಿದ. ಇನ್ನೊಂದು ಜಿಂಕೆ ಸಿಗುವ ಮೊದಲೇ ಹೆಂಡತಿ ತೀರಿಕೊಂಡಳೆಂದು ಚೀಟಿ ಬರೆದು, ಬಿಲ್ಲೆಯನ್ನು ಅಂಚೆಯಲ್ಲಿ ವಾಪಸು ಕಳಿಸಿದ.

ಅದನ್ನು ಪುಸ್ತಕದಲ್ಲಿ ಗುರುತು ಹಾಕಲು ಹೋದಾಗ ನನ್ನ ತಪ್ಪು ಗೊತ್ತಾಯಿತು. ನಾನು ಅವತ್ತು ಓದಿದ್ದು ಮೇಲಿನ ಸಾಲು, ಬೇರೊಂದು ಜಿಂಕೆಯದು. ಈ ಜಿಂಕೆಯನ್ನು ಬಲೆಯಲ್ಲಿ ಹಿಡಿದದ್ದು, ಮದ್ದೇ ಚುಚ್ಚಿರಲಿಲ್ಲ.

"ಹೇಳೋದು ಬೇಡ ಅಂಕಲ್. ಹೋದವರು ಬರ್ತಾರಾ?" ಎಂದು ಅತ್ತುಬಿಟ್ಟೆ.

"ನಮ್ಮ ಮಾತು ಕೇಳಿ ಆಂವ ಹೆಂಡ್ತಿಗೆ ಸಾರು ಕೊಡ್ಲಿಲ್ಲ. ಹೇಳಬೇಕು," ಎಂದು ಟ್ರಕ್ ಹತ್ತಿದರು.

ನಾನೂ ಹೋದೆ, ಆದರೆ ಇಳಿಯಲಿಲ್ಲ. ಸಾಲು ತಪ್ಪಿ ಓದಿದ್ದು ತಾವೇ ಎಂದು ಅಂಕಲ್ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು. ಮುದುಕ ಬಯ್ಯಲಿಲ್ಲ. "ಸಾರು ಆಯ್ತಾ ಅಂತ ಎರಡು ಸಲ ಕೇಳಿದಳು," ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡ.

ಅಂಕಲ್ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು.

ವರ್ಷಗಳಾದ ಮೇಲೆ ಅವರನ್ನು ಕೊನೆಯ ಸಲ ನೋಡಿದ್ದು ಶುಗರ್ ಲ್ಯಾಂಡ್ ಎಂಬ ಊರಿನಲ್ಲಿ, ಅವರ ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. "ಅವತ್ತು ನಾನು ಟ್ರಕ್ಕಿಂದ ಇಳೀಬೇಕಿತ್ತು ಅಂಕಲ್," ಎಂದೆ. ಸಮಾಧಾನ ಹೇಳುತ್ತಾರೆಂದು ಕಾದೆ.

"ಹೌದು ತಂಗಿ, ಇಳೀಬೇಕಿತ್ತು," ಎಂದು ನನ್ನ ಕೈ ಹಿಡಿದುಕೊಂಡರು.

ಮುಂದಿನ ವಾರ ಹೋಗಿಬಿಟ್ಟರು. ಅವರ ಕ್ರಿಯೆ ಮುಗಿದ ಮೇಲೆ ಆ ಮುದುಕನ ಮನೆಗೆ ಹೋಗಿ ಬಾಗಿಲು ತಟ್ಟಿದೆ. ತೆಗೆದವರು ಬೇರೆ ಯಾರೋ. ಅವನು ತೀರಿಕೊಂಡು ಆಗಲೇ ವರ್ಷವಾಗಿತ್ತು.