ಸವಣೂರಿನ ಮೀನಿನ ಚಾಚಾ

ತಿಳವಳ್ಳಿಯಲ್ಲಿ ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದೆ. ಅವರ ಮಗಳು ತೊಟ್ಟಿಯ ಪಕ್ಕದಲ್ಲಿದ್ದ, ಮೀನಿಗೆ ಹಾಕುವ ಕಾಳಿನ ಡಬ್ಬಿ ತೆರೆದಳು. ಒಣ ಸಿಗಡಿಯ ವಾಸನೆ ಬಂತು. ಚಹಾದ ಕಪ್ಪು ಕೆಳಗಿಟ್ಟು ಅಂಗಳಕ್ಕೆ ಬಂದು ನಿಂತುಬಿಟ್ಟೆ. ಸವಣೂರಿನ ಆ ಅಂಗಡಿಯಲ್ಲಿ ಇದೇ ವಾಸನೆ ಇರುತ್ತಿತ್ತು...

ಅಂಗಡಿ ಒಂದೇ ಕೋಣೆ. ಹಿಂಬಾಗಿಲಿಲ್ಲ, ಕಿಟಕಿಯಿಲ್ಲ; ಮೂರು ಗೋಡೆಗೂ ಗಾಜಿನ ತೊಟ್ಟಿಗಳು. ನಡೆಸುತ್ತಿದ್ದವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾನೂ. ದಪ್ಪ ಮೈ, ಮೆಲುದನಿ. ನನಗಾಗ ಆಫ್ರಿಕಾದ ಸಿಕ್ಲಿಡ್ ಮೀನು ಸಾಕುವ ಹುಚ್ಚು. ಬಣ್ಣ ಚೆಂದ, ಆದರೆ ಜಗಳಗಂಟ ಜಾತಿ. ಯಾವುದರ ಜೊತೆ ಯಾವುದು ಬಾಳುತ್ತದೆಂದು ಚಾಚಾ ಹೇಳದೆ ಒಂದನ್ನೂ ಒಯ್ಯುತ್ತಿರಲಿಲ್ಲ.

“ಕನ್ಯಾ ನೋಡಾಕ ಬಂದೋರಂಗ ಬರ್ತೀರಿ ಅಕ್ಕಾರ. ನೋಡ್ತೀರಿ, ಹೋಗ್ತೀರಿ,” ಎಂದು ಕಾಡಿಸುತ್ತಿದ್ದರು. ಒಂದೇ ಬಣ್ಣದ ಎರಡು ಗಂಡು ಕೇಳಿದರೆ ಮಾತ್ರ ಕೊಡುತ್ತಿರಲಿಲ್ಲ. “ಕೆರಿಯಾಗ ಆದ್ರ ಸೋತದ್ದು ಓಡಿ ಹೋಗ್ತೈತ್ರಿ. ಗಾಜಿನ್ಯಾಗ ಎಲ್ಲಿಗೆ ಓಡಬೇಕು?”

ಹೊಸ ಮೀನು ಬಿಡುವ ಮುಂಚೆ ತೊಟ್ಟಿಯ ಕಲ್ಲುಗಳನ್ನೆಲ್ಲ ತೆಗೆದು ಬೇರೆ ರೀತಿ ಜೋಡಿಸುವುದನ್ನು ಅವರೇ ಕಲಿಸಿದ್ದು. ಹಳೆಯ ಮೀನುಗಳು ಒಂದೊಂದು ಸಂದಿ ಹಿಡಿದು ತಮ್ಮದೆಂದು ಕೂತಿರುತ್ತವೆ. “ಮನಿ ಕೆಡವಿದ್ರ ಎಲ್ಲಾರೂ ಬಾಡಿಗಿದಾರರ. ಹೊಸಬನ್ನ ಹೊರಗ ಹಾಕಾಕ ಆಮ್ಯಾಲೆ ಯಾರಿಗಿ ಹಕ್ಕೈತಿ?”

ಒಂದು ಮಧ್ಯಾಹ್ನ ಅದೇ ಕೆಲಸ ನಡೆದಿತ್ತು. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಶಟರ್ ಅರ್ಧ ಇಳಿಸಿದ್ದರು. ನಾನು ಬಗ್ಗಿ ಒಳಗೆ ಹೋಗಿದ್ದೆ. ಮೂಲೆಯಲ್ಲಿದ್ದ ಇನ್ವರ್ಟರ್ ಚಟಪಟ ಅಂದಿತು. ಹೊಗೆ ಎದ್ದಿತು. ಚಾಚಾ ಮೇನ್ ಸ್ವಿಚ್ ಆರಿಸಿ, ಹೊಗೆ ಹೊರಗೆ ಹೋಗಲೆಂದು ಶಟರನ್ನು ಜೋರಾಗಿ ಮೇಲೆ ತಳ್ಳಿದರು. ಅದರ ಹಳೆಯ ಸ್ಪ್ರಿಂಗ್ ತುಂಡಾಗಿ ಶಟರ್ ನೆಲಕ್ಕೆ ಬಿತ್ತು. ಒಳಗೆ ಪೂರ್ತಿ ಕತ್ತಲೆ.

“ಕೆಳಗ ಕುಂದರ್ರಿ. ಮ್ಯಾಲೆ ಏಳಬ್ಯಾಡ್ರಿ.” ತೊಟ್ಟಿಯಲ್ಲಿ ಅದ್ದಿದ ಟವಲು ನನ್ನ ಮುಖಕ್ಕೆ ಬಂತು. ಆಮೇಲೆ ಶಟರಿನಡಿ ಬೆರಳು ತೂರಿಸಿ ಎತ್ತಿದರು. ಒಂದು ಗೇಣಿನಷ್ಟು ಬೆಳಕು ಕಂಡಿತು.

“ನುಸುಳ್ರಿ, ಅಕ್ಕಾರ.”

“ನೀವು?”

“ನಾ ಕೈ ಬಿಟ್ರ ಬೀಳ್ತೈತಿ. ಹೊರಗ ಹೋಗಿ ಮಂದೀನ ಕರೀರಿ.”

ನುಸುಳಿದೆ. ನನ್ನ ಕಾಲು ಹೊರಗೆ ಬಂದದ್ದೇ ತಡ, ಶಟರ್ ಮತ್ತೆ ಬಿತ್ತು. ನಾನು ಎತ್ತಲು ಹೋದರೆ ಅಲುಗಲಿಲ್ಲ. ಕೂಗಿದೆ. ಎದುರಿನ ಖಾರದ ತಿಂಡಿಯ ಅಂಗಡಿಯವರು ಹಾರೆ ತಂದರು. ಚಾಚಾ ಒಳಗಿನಿಂದ ಶಟರಿಗೆ ಬಡಿಯುತ್ತಿದ್ದರು. ಆ ಸದ್ದು ನಿಧಾನವಾಯಿತು, ಇನ್ನೂ ನಿಧಾನವಾಯಿತು... ಹಾರೆ ಶಟರನ್ನು ಸೀಳುವ ಹೊತ್ತಿಗೆ ನಿಂತಿತ್ತು.

ಆಸ್ಪತ್ರೆಗೆ ಒಯ್ದರು. ಉಳಿಯಲಿಲ್ಲ.

ತೊಟ್ಟಿಯಿಂದ ತೆಗೆದ ಕಲ್ಲುಗಳು ನಮ್ಮ ಕಾಲ ಬಳಿಯೇ ರಾಶಿ ಬಿದ್ದಿದ್ದವು. ಒಂದನ್ನು ಶಟರಿನ ಕೆಳಗೆ ಒಡ್ಡಿದ್ದರೆ ಅವರಿಗೆ ಉಸಿರಾಡಲು ಗಾಳಿಯಾದರೂ ಸಿಗುತ್ತಿತ್ತು. ಆ ಗಳಿಗೆಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ. ಈಗ ಪಾಠ ಮಾಡುವಾಗ ಹೊಳೆಯುತ್ತದೆ, ಬಸ್ಸಿನ ಬಾಗಿಲು ಮುಚ್ಚಿದಾಗ ಹೊಳೆಯುತ್ತದೆ. ಮತ್ತೆ ಮೊದಲಿನಿಂದ ಎಲ್ಲವೂ ಶುರುವಾಗುತ್ತದೆ...

ಅವರು ಆರಿಸಿಕೊಟ್ಟ ಮೀನುಗಳು ನನ್ನ ಮನೆಯಲ್ಲಿ ಜಗಳವಿಲ್ಲದೆ ಇವೆ. ಕಾಳು ಮುಗಿದರೆ ಹಾನಗಲ್ಲಿನ ಒಂದು ಅಂಗಡಿಗೆ ಹೋಗುತ್ತೇನೆ. ಅದಕ್ಕೂ ಇರುವುದು ಒಂದೇ ಶಟರ್. ರಸ್ತೆಯಲ್ಲೇ ನಿಲ್ಲುತ್ತೇನೆ.

“ಒಳಗ ಬರ್ರಿ ಮೇಡಂ, ಹೊಸ ಮೀನ ಬಂದಾವು,” ಅನ್ನುತ್ತಾನೆ ಅಂಗಡಿಯಾತ.

“ನೀನ ಹೊರಗ ಬಾರಪ್ಪ,” ಅನ್ನುತ್ತೇನೆ. ಅವನು ಹೊರಗೆ ಬಂದು ನಿಂತ ಮೇಲೆಯೇ ನನಗೆ ಏನು ಬೇಕಿತ್ತೆಂಬುದು ನೆನಪಾಗುತ್ತದೆ.