ಟ್ಯಾಂಕಿನೊಳಗೆ ಕೂತವನು

ನಾನು ಏಳನೆಯ ಕ್ಲಾಸು ಓದಿದವನು. ಕತೆ ಕಟ್ಟುವ ವಿದ್ಯೆ ನನಗಿಲ್ಲ. ಇದ್ದಿದ್ದರೆ ನಾನು ಇಷ್ಟು ಕೆಟ್ಟವನಾಗಿ ಕಾಣದ ಹಾಗೆ ಬರೆಯುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತಿದ್ದೇನೆ. ನಾನೊಬ್ಬನೇ ಕೇಳಿದ್ದರೆ ತಲೆ ಕೆಟ್ಟಿತ್ತು ಎಂದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ವಾಸು ಕಣ್ಣಾರೆ ಕಂಡ.

ಎರಡು ಸಾವಿರದ ಆಸುಪಾಸಿನ ಮಾತು. ಅಬುಧಾಬಿಯ ಮುಸಫ್ಫಾದಲ್ಲಿ ಎಣ್ಣೆಯ ಟ್ಯಾಂಕುಗಳನ್ನು ಮಾಡುವ ಒಂದು ವರ್ಕ್‌ಶಾಪಿನಲ್ಲಿ ನಾನು ವೆಲ್ಡರ್ ಆಗಿದ್ದೆ. ಊರು ಉತ್ತರ ಕರ್ನಾಟಕದ ಎರೆಮಣ್ಣಿನ ಸೀಮೆ. ವಾಸು ಉಡುಪಿ ಕಡೆಯವನು. ಕ್ಯಾಂಪಿನಲ್ಲಿ ನನ್ನ ಮೇಲಿನ ಬಂಕು ಅವನದು.

ಊರಲ್ಲಿ ಅಕ್ಕ ಗೌರಕ್ಕ ಮತ್ತು ತಮ್ಮ ಶಿವು ಇದ್ದರು. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿಗಂಡಸು ನಾನೇ. ಶಿವು ಮೋಟಾರು ರಿಪೇರಿ ಮಾಡಿಕೊಂಡಿದ್ದ. ಪಂಪ್‌ಸೆಟ್ ಕದ್ದ ಸಂಶಯದ ಮೇಲೆ ಪೊಲೀಸರು ಅವನನ್ನು ಎತ್ತಿಕೊಂಡು ಹೋದರು. ಮೂರನೆಯ ದಿನ, ಲಾಕಪ್ಪಿನಲ್ಲಿ ನೇಣು ಹಾಕಿಕೊಂಡ ಎಂದು ಹೆಣ ಕೊಟ್ಟರು.

ಅಕ್ಕ ಫೋನು ಮಾಡಿದಳು. ಅಳುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡು ಮಾತಾಡುತ್ತಿದ್ದಳು.

“ಬಸೂ, ಮೈ ತೊಳಿಯೋವಾಗ ನಾನ ನೋಡೀನಿ. ಬೆನ್ನ ತುಂಬ ಬಾಸುಂಡಿ ಅದಾವೋ. ಕರ್ರಗ, ಲಾಠಿ ಅಗಲದವು. ಡಾಕ್ಟರ ಕಾಗದದಾಗ ಬರೇ ಕುತ್ತಿಗಿ ಬರದಾರ. ಬೆನ್ನಿನ ಸುದ್ದಿನ ಇಲ್ಲ.”

ಪೊಲೀಸರು ಸುತ್ತ ನಿಂತು ಸಂಜೆಯೊಳಗೆ ಮಣ್ಣು ಮಾಡಿಸಿದರು. ನಮ್ಮಲ್ಲಿ ಸುಡುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಕೂತ ಹಾಗೆಯೇ ಸಮಾಧಿ ಮಾಡುತ್ತೇವೆ. ಹಾಗಾಗಿ ದಾರಿ ಇನ್ನೂ ಇತ್ತು. ಸಮಾಧಿ ತೆಗೆಸಿ, ದೊಡ್ಡಾಸ್ಪತ್ರೆಯ ಡಾಕ್ಟರರಿಂದ ಮತ್ತೊಮ್ಮೆ ಪೋಸ್ಟ್‌ಮಾರ್ಟಂ ಮಾಡಿಸಿದರೆ ಕೊಲೆ ಕೇಸು ನಿಲ್ಲುತ್ತದೆ, ಆದರೆ ಮಣ್ಣು ಯಾರಿಗೂ ಕಾಯುವುದಿಲ್ಲ ಎಂದು ವಕೀಲರು ಹೇಳಿದ್ದರು. ಅಕ್ಕ ಕೋರ್ಟಿಗೆ ಅರ್ಜಿ ಹಾಕಿದಳು. ಊರಿನವರು ಠಾಣೆಯ ಮುಂದೆ ಕೂತರು.

ಆಗ ವರ್ಕ್‌ಶಾಪಿನ ಆಫೀಸಿಗೆ ನನಗೊಂದು ಫೋನು ಬಂತು. ಠಾಣೆಯ ಇನ್‌ಸ್ಪೆಕ್ಟರು.

“ಏನಪಾ ಬಸವರಾಜ, ದುಬೈದಾಗ ಆರಾಮ?”

“ಅಬುಧಾಬಿ ಸರ್.”

“ಎಲ್ಲಾ ಒಂದ ಬಿಡು. ನಿನ್ನ ಪಾಸ್‌ಪೋರ್ಟ್ ಮುಗ್ಯಾಕ ಬಂದೈತಂತ? ರಿನ್ಯೂವಲ್ ವೆರಿಫಿಕೇಷನ್ ನಮ್ಮ ಠಾಣೆಗೇ ಬರತೈತಿ. ನಿಮ್ಮಕ್ಕಗ ಒಂದೀಟು ಬುದ್ಧಿ ಹೇಳು. ಇಲ್ಲಾ, ಸಮಾಧಿ ತಗಿಯೂದು ಬ್ಯಾಡ ಅಂತ ನೀನ ಬರದು ಫ್ಯಾಕ್ಸ್ ಮಾಡು, ನಂಬರ ಬರಕೊ.”

ಅಷ್ಟೇ. ಬೈಯಲಿಲ್ಲ, ಹೆದರಿಸಲಿಲ್ಲ. ನನಗೆ ಅಷ್ಟೇ ಸಾಕಾಯಿತು. ಪಾಸ್‌ಪೋರ್ಟು ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಲಿ ಹುಡುಕಬೇಕು. ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು.

ಆ ಸಂಜೆ ಒಂದು ಟೈಪಿಂಗ್ ಸೆಂಟರಿನಲ್ಲಿ ಕೂತು ಕನ್ನಡದಲ್ಲೇ ಕೈಬರಹದ ಕಾಗದ ಬರೆದೆ. ಸಮಾಧಿ ತೆಗೆಯುವುದು ನಮ್ಮ ಸಂಪ್ರದಾಯಕ್ಕೆ ವಿರುದ್ಧ, ತಮ್ಮನ ಸಾವಿನ ಬಗ್ಗೆ ನನಗೆ ಸಂಶಯವಿಲ್ಲ ಎಂದು. ಸಹಿ ಹಾಕಿ, ಇನ್‌ಸ್ಪೆಕ್ಟರು ಕೊಟ್ಟ ನಂಬರಿಗೆ ಫ್ಯಾಕ್ಸ್ ಮಾಡಿಸಿದೆ. ಅಲ್ಲಿಯವರೆಗೆ ಒಂದು ಸೋಮವಾರದ ಉಪವಾಸವನ್ನೂ ನೆಟ್ಟಗೆ ಮಾಡದ ನಾನು ಸಂಪ್ರದಾಯ ಎಂದು ಬರೆದೆ.

ಅದಾಗಿ ನಾಲ್ಕೈದು ದಿನಕ್ಕೆ, ಶುಕ್ರವಾರದ ಊಟದ ಹೊತ್ತು. ರಜೆ ಮುಗಿಸಿ ಬಂದವರು ಯಾರೋ ತಂದಿದ್ದ ಕನ್ನಡ ಪೇಪರು ನಮ್ಮ ರೂಮಿಗೂ ಬಂತು. ಅದರಲ್ಲಿದ್ದ ಲಾಕಪ್ ಸಾವಿನ ಸುದ್ದಿಯನ್ನು ವಾಸು ಗಟ್ಟಿಯಾಗಿ ಓದಿದ. ತಮ್ಮ ಸತ್ತದ್ದು ಕ್ಯಾಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಿವುನ ಹೆಸರು ಬಂದಾಗ ನಾನು ತಟ್ಟೆ ನೋಡುತ್ತಿದ್ದೆ.

“ಲಾಕಪ್ಪಿನಲ್ಲಿ ಸತ್ರೆ ಸೀದಾ ಮರ್ಡರ್ ಕೇಸು ಹಾಕ್ಬೇಕು. ಮತ್ತೆಂತ, ಸತ್ತವ ಎದ್ದು ಬಂದು ಸಾಕ್ಷಿ ಹೇಳ್ಲಿಕ್ಕುಂಟಾ?” ಎಂದ ವಾಸು.

ಮೂಲೆಯ ಬಂಕಿನ ಡ್ರೈವರ್ ಇಸ್ಮಾಯಿಲ್ ನಕ್ಕ. “ಪೊಲೀಸರ ಮೇಲೆ ಪೊಲೀಸರೇ ಮರ್ಡರ್ ಕೇಸು ಬರೀತಾರಾ? ಒಳ್ಳೆ ಜನ ನೀನು. ಅದಕ್ಕೆ ಪೋಸ್ಟ್‌ಮಾರ್ಟಂ ಬೇಕಲ್ಲ ಮಾರಾಯ. ಮನೆಯವ್ರೇ ಬೇಡ ಅಂದ್ರೆ ಖಲಾಸ್.”

“ಮನೆಯವ್ರಾ? ಅಕ್ಕ ಪಾಪ ಬಡಕೊಳ್ತಾ ಇದ್ದಾಳೆ. ಅಣ್ಣ ಒಬ್ಬ ಇದ್ದಾನಂತೆ, ಇಲ್ಲೇ ಗಲ್ಫಿನಲ್ಲಿ. ಅವನೇ ಬೇಡ ಅಂತ ಬರೆದು ಕೊಟ್ಟದ್ದು. ಅಂಥವನ ಒಟ್ಟಿಗೆ ಕೂತು ಉಣ್ಲಿಕ್ಕೆ ಆಗ್ತದಾ ಹೇಳಿ?”

ಹಾಗೆನ್ನುತ್ತಲೇ ಉಪ್ಪಿನಕಾಯಿ ಬಾಟಲಿ ನನ್ನ ಕಡೆ ದೂಡಿದ. “ನಿಮ್ಮ ಊರ ಕಡೆಯದ್ದೇ ಅಲ್ವಾ ಬಸಣ್ಣ? ಗೊತ್ತುಂಟಾ ಆ ಹುಡುಗ?”

“ಇಲ್ಲ,” ಎಂದೆ.

ಮರುದಿನದಿಂದ ನೈಟ್ ಶಿಫ್ಟು. ಒಂದು ದೊಡ್ಡ ಟ್ಯಾಂಕು ಅಡ್ಡ ಮಲಗಿತ್ತು. ಒಂದು ತುದಿಯಲ್ಲಿ ಮನುಷ್ಯ ತೂರುವಷ್ಟು ಬಾಗಿಲು, ಇನ್ನೊಂದು ತುದಿ ಪೂರ್ತಿ ಬಂದ್. ಒಳಗೆ ವೆಲ್ಡರ್ ಇರುವಷ್ಟು ಹೊತ್ತೂ ಒಬ್ಬ ಬಾಗಿಲಲ್ಲಿ ಕೂತು ಕಾಯಬೇಕು, ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು ಎಂದು ನೋಡಿಕೊಳ್ಳಬೇಕು. ಅದು ನಿಯಮ. ಆ ರಾತ್ರಿ ಕಾಯಲು ಕೂತವನು ವಾಸು. ಒಳಗೆ ನಾನೊಬ್ಬನೇ.

ಒಳಗೆ ಗಾಳಿ ಊದುವ ಬ್ಲೋವರು ಗುಂಯ್ ಎನ್ನುತ್ತಿತ್ತು. ಸಣ್ಣದೊಂದು ಬಲ್ಬು, ಹೊಗೆ, ಸುಟ್ಟ ಕಬ್ಬಿಣದ ವಾಸನೆ. ಬಂದ್ ತುದಿಗೆ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದೆ. ಒಂದು ರಾಡು ಮುಗಿಯಿತು. ಮುಖದ ಮಾಸ್ಕು ಎತ್ತಿ ಇನ್ನೊಂದನ್ನು ತೆಗೆದುಕೊಳ್ಳುತ್ತಿದ್ದೆ...

ಮಣ್ಣಿನ ವಾಸನೆ ಬಂತು.

ಮರಳಿನದಲ್ಲ. ಹಸಿ ಎರೆಮಣ್ಣು, ಆಗಷ್ಟೇ ಗುದ್ದಲಿ ಬಿದ್ದದ್ದು. ಮುಸಫ್ಫಾದಲ್ಲಿ ಎಲ್ಲಿಂದ ಬರಬೇಕು ಆ ಮಣ್ಣು? ಉಸಿರು ಬಿಗಿ ಹಿಡಿದೆ. ನನ್ನ ಉಸಿರು ನಿಂತರೂ ಟ್ಯಾಂಕಿನೊಳಗೆ ಇನ್ನೊಂದು ಉಸಿರು ಆಡುತ್ತಿತ್ತು. ನನ್ನ ಹಿಂದೆಯೇ... ಒಂದು ಮೊಳ ದೂರದಲ್ಲಿ.

“ಅಣ್ಣಾ...”

ಕಬ್ಬಿಣದ ಗೋಡೆಯೊಳಗೆ ಎಂಥ ಸಣ್ಣ ಸದ್ದೂ ಮೊಳಗುತ್ತದೆ. ಈ ದನಿ ಮೊಳಗಲಿಲ್ಲ. ಕಿವಿಯ ಪಕ್ಕ ಬಂದು ಅಲ್ಲೇ ನಿಂತಿತು.

“ಬೆನ್ನ ನೋಡೊ ಅಣ್ಣಾ...”

ಶಿವುನ ದನಿ. ಜ್ವರ ಬಂದಾಗ ನೀರು ಕೇಳುವಂತೆ, ಸಣ್ಣಗೆ. ಸಿಟ್ಟಿರಲಿಲ್ಲ ಅದರಲ್ಲಿ. ಬೈದಿದ್ದರೆ ಬಹುಶಃ ತಿರುಗುತ್ತಿದ್ದೆ.

ನಾನು ಮಾಡಿದ್ದೇನು ಗೊತ್ತೇ? ಮಾಸ್ಕು ಕೆಳಗೆಳೆದುಕೊಂಡೆ. ಹೊಸ ರಾಡು ತಾಗಿಸಿ ಕಿಡಿ ಹೊತ್ತಿಸಿದೆ. ಆ ಕರಿ ಗಾಜಿನೊಳಗೆ ಬೆಂಕಿಯೊಂದು ಬಿಟ್ಟು ಬೇರೇನೂ ಕಾಣುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಬೆಸುಗೆ ಇರಬೇಕಾದ ಜಾಗವನ್ನು ಬಿಟ್ಟು ಎಲ್ಲೆಲ್ಲೋ ಕಬ್ಬಿಣ ಸುಟ್ಟೆ.

“ಬಸಣ್ಣ!” ಹೊರಗಿನಿಂದ ವಾಸು ಚೀರಿದ. “ಒಳಗೆ ಇನ್ನೊಬ್ಬ ಯಾರು?”

ಕೈಯಲ್ಲಿದ್ದದ್ದನ್ನು ಬಿಸಾಕಿ, ಹಿಂದೆ ನೋಡದೆ ಬಾಗಿಲಿನತ್ತ ತೆವಳಿದೆ. ವಾಸು ನನ್ನ ಕಾಲರು ಹಿಡಿದು ಹೊರಗೆಳೆದ.

“ನಿಮ್ಮ ಹಿಂದೆ ಕೂತಿದ್ದ ಮಾರಾಯ್ರೆ. ಊಟಕ್ಕೆ ಕೂತ ಹಾಗೆ, ಕಾಲು ಮಡಚಿ. ಮುಖ ಆಚೆ ಇತ್ತು, ಬೆನ್ನು ನಿಮ್ಮ ಕಡೆ. ಅಂಗಿ ಇರ್ಲಿಲ್ಲ.”

“ಬೆನ್ನು... ಹೇಗಿತ್ತು?”

“ಹೊಗೆಯಲ್ಲಿ ನಂಗೆಂತ ಕಾಣ್ತದೆ ಇಲ್ಲಿಂದ? ನೀವಲ್ವಾ ಹತ್ರ ಇದ್ದದ್ದು?”

ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತಾರೆ ಎಂದು ವಾಸುವಿಗೆ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ.

ಫೋರ್‌ಮನ್ ಬಂದು ಟಾರ್ಚು ಹಾಕಿದ. ಖಾಲಿ. ಗ್ಯಾಸ್ ಮೀಟರು ಇಳಿಸಿ ನೋಡಿದ, ಗಾಳಿ ಸರಿಯಾಗಿತ್ತು. “ಮಾಫಿ ಮುಷ್ಕಿಲ್, ಯಲ್ಲಾ,” ಏನೂ ತೊಂದರೆಯಿಲ್ಲ, ನಡೀರಿ ಎಂದು ಬೇರೆ ವೆಲ್ಡರನ್ನು ಒಳಗೆ ಕಳಿಸಿದ. ಆತನಿಗೆ ಏನೂ ಆಗಲಿಲ್ಲ.

ಚಾ ಕುಡಿಯುವಾಗ ವಾಸುವಿಗೆ ಹೇಳಿಬಿಟ್ಟೆ. “ಪೇಪರಿನ ಆ ಅಣ್ಣ ನಾನೇ.” ಅವನು ನನ್ನ ಮುಖವನ್ನೇ ನೋಡಿದ. ಆ ವಾರವೇ ರೂಮು ಬದಲಿಸಿಕೊಂಡು ಹೋದ.

ಬೆಳಗಾಗುತ್ತಲೇ ಕಾರ್ಡು ಹಾಕಿ ಅಕ್ಕನಿಗೆ ಫೋನು ಹಚ್ಚಿದೆ. “ಅಕ್ಕಾ, ಆ ಕಾಗದ ವಾಪಸ್ ತಗೋತೀನಿ. ಬ್ಯಾರೆ ಬರದು ಕಳಸ್ತೀನಿ.”

“ಮೊನ್ನೆನ ಅರ್ಜಿ ವಜಾ ಆತು,” ಎಂದಳು. “ನಿನ್ನ ಕಾಗದಾನ ತೋರಿಸಿದ್ರು. ಸ್ವಂತ ಅಣ್ಣಗ ಸಂಶಯ ಇಲ್ಲ ಅಂದ ಮ್ಯಾಲ ಇನ್ನೇನು ಅಂದ್ರು. ಮ್ಯಾಲಿನ ಕೋರ್ಟಿಗೆ ಹೋಗೂದರಾಗ ಮೈ ಮಣ್ಣಾಗಿರತೈತಿ ಅಂತಾರ ವಕೀಲರು.”

ನಾನು ರಾತ್ರಿ ನಡೆದದ್ದನ್ನೆಲ್ಲ ಹೇಳಿದೆ. ಹೆದರುತ್ತಾಳೆ ಎಂದುಕೊಂಡಿದ್ದೆ. ಹೆದರಲಿಲ್ಲ. ಕಾರ್ಡಿನ ನಿಮಿಷಗಳು ಹೋಗುತ್ತಿದ್ದವು.

“ಅಷ್ಟು ದೂರ ಬಂದು ತೋರಿಸ್ಯಾನಲ್ಲೋ... ನೀ ನೋಡಿದೇನು?”

“ಇಲ್ಲಕ್ಕ.”

ಅವಳು ಫೋನು ಇಟ್ಟಳು.

ರಿನ್ಯೂವಲ್‌ಗೆ ಕೊಟ್ಟ ಪಾಸ್‌ಪೋರ್ಟು ಹನ್ನೆರಡು ದಿನಕ್ಕೆ ಕೈಗೆ ಬಂತು. ಊರಿನ ಠಾಣೆಗೆ ಒಂದು ಕಾಗದವೂ ಹೋಗಿರಲಿಲ್ಲ. ಎಲ್ಲರದನ್ನೂ ಹಾಗೆ ಠಾಣೆಗೆ ಕಳಿಸುವ ಕ್ರಮವೇ ಇಲ್ಲವಂತೆ, ಎಂಬೆಸಿಯವನು ನಗುತ್ತ ಹೇಳಿದ. ಒಂದು ಮಾತು ಮೊದಲೇ ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ.

ಆ ಮೇಲೆ ಎಷ್ಟು ಟ್ಯಾಂಕುಗಳಲ್ಲಿ ಇಳಿದೆನೋ ಲೆಕ್ಕವಿಲ್ಲ. ರಾತ್ರಿ ಕೆಲಸವನ್ನು ಕೇಳಿ ಪಡೆಯುತ್ತೇನೆ. ಪ್ರತಿ ರಾಡು ಮುಗಿದಾಗಲೂ ಮಾಸ್ಕು ಎತ್ತಿ, ಪೂರ್ತಿ ತಿರುಗಿ, ಟಾರ್ಚು ಹಿಡಿದು ನೋಡುತ್ತೇನೆ. ಒಮ್ಮೊಮ್ಮೆ ಆ ಹಸಿ ಮಣ್ಣಿನ ವಾಸನೆ ಬರುತ್ತದೆ... “ಶಿವೂ, ತೋರಿಸೋ,” ಎನ್ನುತ್ತೇನೆ. ಹೊರಗೆ ಕಾಯುವವನು ಯಾರ ಹತ್ತಿರ ಮಾತಾಡುತ್ತೀ ಎಂದು ಕೂಗುತ್ತಾನೆ.

ಯಾರೂ ಇರುವುದಿಲ್ಲ. ಬರೀ ಕಬ್ಬಿಣ.