ತಲೆದೂಗಿದ ಬುಧವಾರಗಳು

ನಿಮಗೆ ‘ಹೌದು’ ಅನ್ನಲು ಬರುತ್ತದೆಯೇ? ನಗಬೇಡಿ. ಎಪ್ಪತ್ತೆರಡು ವರ್ಷ ನಾನೂ ಬರುತ್ತದೆ ಅಂತಲೇ ಅಂದುಕೊಂಡಿದ್ದೆ.

ಮೊನ್ನೆ ಇಲ್ಲಿ ಪರ್ತ್‌ನ ವಿಲೆಟನ್‌ನಲ್ಲಿ ಮೊಮ್ಮಗಳು ಸ್ಕೂಲಿನಿಂದ ಬರುತ್ತಾ ಬಿಸಿ ಚಿಪ್ಸ್ ತಂದಳು. ಪೊಟ್ಟಣ ಬಿಚ್ಚಿದ ಕೂಡಲೇ ವಿನೆಗರ್ ವಾಸನೆ. ನನಗೆ ತಿನ್ನಲಾಗಲಿಲ್ಲ. ಪರ್ತ್‌ಗೆ ಬರುವ ಮೊದಲು, ಅಡಿಲೇಡಿನ ಸ್ಯಾಲಿಸ್‌ಬರಿಯಲ್ಲಿ ನಾವಿದ್ದಾಗ, ಪಕ್ಕದ ಮನೆಯ ಅಡುಗೆಮನೆ ಪೂರಾ ಇದೇ ವಾಸನೆ. ಅಲ್ಲಿದ್ದವರನ್ನು ಮೊಮ್ಮಗಳು ರೇಡಿಯೋ ಅಂಕಲ್ ಅನ್ನುತ್ತಿದ್ದಳು. ನಾನೂ ಹಾಗೇ ಕರೆದೆ. ಅವರಿಗಾಗ ಎಂಬತ್ತನಾಲ್ಕು.

ಇಂಗ್ಲೆಂಡಿನ ಉತ್ತರದವರು, ಕಲ್ಲಿದ್ದಲು ಗಣಿಯ ಕೂಲಿಯ ಮಗ. ಹದಿನೈದಕ್ಕೇ ತಾವೂ ಗಣಿಗೆ ಇಳಿದರಂತೆ. ಮೇಲೆ ಬಂದು, ಮೈ ತೊಳೆದುಕೊಂಡು, ಕಥೆ ಬರೆಯುತ್ತಿದ್ದರಂತೆ. ಐದು ಕಾದಂಬರಿ ಅಚ್ಚಾದವು. ರೇಡಿಯೋದವರು ಕರೆದು ವಾರವಾರ ಮಾತಾಡಿಸಿದರು. ದೊಡ್ಡ ಮನುಷ್ಯರ ಇಂಗ್ಲಿಷಿನ ನಡುವೆ ಗಣಿಕೇರಿಯ ಇಂಗ್ಲಿಷು… ಜನಕ್ಕೆ ಮೊದಲು ಅದೇ ಚಂದ ಕಂಡಿತು, ಆಮೇಲೆ ಅದೇ ಸಾಕಾಯಿತು. ಹೆಂಡತಿ, ಮಗಳನ್ನು ಕಟ್ಟಿಕೊಂಡು ಈ ದೇಶಕ್ಕೆ ಬಂದು ಕಾರ್ ಫ್ಯಾಕ್ಟರಿ ಸೇರಿದರು. ಶನಿವಾರ ಬೆಳಿಗ್ಗೆ ಇಲ್ಲಿನ ರೇಡಿಯೋದಲ್ಲೂ ಮಾತಾಡಿದರು, ಅದೂ ನಿಂತಿತು. ಐದು ಪುಸ್ತಕವೂ ಈಗ ಎಲ್ಲೂ ಸಿಗುವುದಿಲ್ಲ. ನಾನು ನೋಡುವ ಹೊತ್ತಿಗೆ ಅವರ ಎದೆಯಲ್ಲಿ ಗಣಿಯ ಧೂಳು, ಮೇಜಿನ ಮೇಲೆ ಆರನೆಯ ಕಾದಂಬರಿ. ತಾಯಿಯ ಕಥೆ. ಉಸಿರಿರುವಾಗಲೇ ಇದೊಂದು ಮುಗಿದರೆ ಸಾಕು ಅನ್ನುತ್ತಿದ್ದರು.

ಅವರು ಬರೆಯುವ ಕ್ರಮವೇ ಬೇರೆ. ಪೆನ್ನಿನಲ್ಲಿ ಬರೆದದ್ದನ್ನು ಒಬ್ಬರ ಮುಂದೆ ಗಟ್ಟಿಯಾಗಿ ಓದುವುದು, ಕೇಳುವವರ ಮುಖ ನೋಡುವುದು, ಅವರಿಗೆ ಹಿಡಿಸದ ಪುಟವನ್ನು ಕಿತ್ತುಹಾಕುವುದು. ಇದು ರೇಡಿಯೋ ಕಲಿಸಿದ ಅಭ್ಯಾಸ. ಹೆಂಡತಿ ಇರುವ ತನಕ ಆಕೆ ಕೇಳಿದರು. ಆಮೇಲೆ ಒಂದು ಬುಧವಾರದ ಮಧ್ಯಾಹ್ನ ಚಕ್ಕುಲಿ ಕೊಡಲು ಹೋದ ನಾನು ಸಿಕ್ಕಿಬಿದ್ದೆ. ನನ್ನನ್ನು ಲವ್ ಅಂತ ಕರೆದಾಗ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಿದ್ದೆ. ಅವರ ಕಡೆ ಬಸ್ ಕಂಡಕ್ಟರನಿಗೂ ಹಾಗೇ ಅನ್ನುತ್ತಾರೆಂದು ಆಮೇಲೆ ತಿಳಿಯಿತು. ಸ್ವಲ್ಪ ಬೇಜಾರೂ ಆಯಿತು.

ನನ್ನ ಅರ್ಧಂಬರ್ಧ ಇಂಗ್ಲಿಷಿಗೆ ನಿಧಾನವಾಗಿ ಓದುತ್ತಿದ್ದರು. ಒಂದು ಬುಧವಾರ ಇಪ್ಪತ್ತು ಪುಟ ಓದಿದರು. ಗಣಿಯಿಂದ ಬರುವ ಗಂಡನ ಸ್ನಾನಕ್ಕೆ ಅವರಮ್ಮ ನೀರು ಕಾಯಿಸಿಟ್ಟಿದ್ದಾಳೆ. ಒಳಗೆ ಮಣ್ಣು ಕುಸಿದ ಸುದ್ದಿ ಬರುತ್ತದೆ. ಆಕೆ ಅಳುವುದಿಲ್ಲ. ಬಿಸಿನೀರು ದಂಡವಾಗಬಾರದೆಂದು ಮಕ್ಕಳ ಬಟ್ಟೆ ನೆನೆಹಾಕುತ್ತಾಳೆ… ಅದನ್ನು ಹೊಗಳುವ ಮಾತು ನನ್ನ ಇಂಗ್ಲಿಷಿನಲ್ಲಿ ಇರಲಿಲ್ಲ. ಮೈಸೂರಿನಲ್ಲಿ ಒಳ್ಳೆಯ ಸಂಗೀತ ಕೇಳಿದರೆ ಹೇಗೋ ಹಾಗೆ ತಲೆದೂಗಿದೆ, ಆ ಕಡೆ, ಈ ಕಡೆ. ಅವರು ನನ್ನನ್ನೇ ನೋಡಿದರು. ಆ ಪುಟಗಳನ್ನು ತೆಗೆದು ಎಡಗಡೆ ಬೇರೆ ಇಟ್ಟರು.

ಚೆನ್ನಾಗಿರುವುದನ್ನು ಜೋಪಾನವಾಗಿ ಬೇರೆ ಇಡುತ್ತಿದ್ದಾರೆ ಅಂತ ನಾನು ತಿಳಿದೆ. ಬುಧವಾರ ಬುಧವಾರ ಎಡಗಡೆಯ ರಾಶಿಗೆ ಪುಟ ಸೇರಿದಾಗ ನನಗೆ ಒಳಗೊಳಗೇ ಜಂಬ. ‘ನೀನು ಬಲು ಗಟ್ಟಿ ಹೆಂಗಸು, ಲವ್’ ಅನ್ನುತ್ತಿದ್ದರು. ಅದನ್ನೂ ಹೊಗಳಿಕೆ ಅಂದುಕೊಂಡೆ. ಬರಬರುತ್ತಾ ಕೆಮ್ಮು ಹೆಚ್ಚಾಯಿತು, ಓದು ಕಡಿಮೆಯಾಯಿತು.

ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಪಾಠ ಹೇಳುವ ಅವರ ಮಗಳು ಬಂದು ಅವರನ್ನು ಕರೆದುಕೊಂಡು ಹೊರಟಳು. ಕಾರಿನ ಹತ್ತಿರ ಅವಳನ್ನು ಪುಸ್ತಕ ಎಲ್ಲಿಗೆ ಬಂತು ಅಂತ ಕೇಳಿದೆ. ಅಪ್ಪ ಅದನ್ನು ಬಿಟ್ಟುಬಿಟ್ಟರು ಅಂದಳು. ಚೆನ್ನಾಗಿದೆ ಅಂದುಕೊಂಡು ಓದಿದ್ದಕ್ಕೆಲ್ಲ ನಾನು ನೋ ಅಂದೆನಂತೆ.

‘ನಾನ್ಯಾವತ್ತಮ್ಮಾ ನೋ ಅಂದೆ?’

ಅವಳು ಸಂಕೋಚದಿಂದ ತಲೆಯನ್ನು ಆ ಕಡೆ, ಈ ಕಡೆ ಆಡಿಸಿ ತೋರಿಸಿದಳು. ಎಡಗಡೆಯ ರಾಶಿ ಹದಿನೈದು ದಿನಕ್ಕೊಮ್ಮೆ ಹಳದಿ ಮುಚ್ಚಳದ ರದ್ದಿ ಬಿನ್ನಿಗೆ ಹೋಗುತ್ತಿತ್ತು. ನಕಲು ಇರಲಿಲ್ಲ.

ಅವರು ಆಗಲೇ ಕಾರಿನೊಳಗೆ ಕಣ್ಣು ಮುಚ್ಚಿ ಒರಗಿದ್ದರು. ಗಾಜು ತಟ್ಟುವ ಧೈರ್ಯ ನನಗೆ ಬರಲಿಲ್ಲ. ನಾವು ಪರ್ತ್‌ಗೆ ಬಂದ ಮೇಲೆ, ಮೊಮ್ಮಗಳ ಕೈಲಿ ವಿಡಿಯೋ ಕಾಲ್ ಮಾಡಿಸಿ ಹೇಳಿದೆ. ಅವರ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು. ತಲೆ ಹಾಗೆ ಆಡಿಸಿದರೆ ನಮ್ಮಲ್ಲಿ ಬಹಳ ಚೆನ್ನಾಗಿದೆ ಅಂತ ಅರ್ಥ ಅಂದೆ. ಅವರು ನಳಿಕೆ ಸರಿಮಾಡಿಕೊಂಡು ಕೇಳಿದರು.

‘ಅಮ್ಮ ನೀರು ಕಾಯಿಸಿದ್ದು… ಅದೂನಾ?’

‘ಅದೇ ಎಲ್ಲಕ್ಕಿಂತ.’

ಅವರು ಫೋನನ್ನು ಹಾಸಿಗೆಯ ಮೇಲೆ ಇಟ್ಟುಬಿಟ್ಟರು. ನಮಗೆ ಆ ಕೋಣೆಯ ಸೂರು ಮಾತ್ರ ಕಾಣುತ್ತಿತ್ತು. ಮೂರು ವಾರಕ್ಕೆ ಅಪ್ಪ ಹೋದರು ಅಂತ ಅವರ ಮಗಳ ಮೆಸೇಜು ಬಂತು. ಅದೊಂದು ಹಿಡಿಸಲಿಲ್ಲ ಅಂತ ಸುಳ್ಳು ಹೇಳಿದ್ದರೆ ನೆಮ್ಮದಿಯಿಂದ ಹೋಗುತ್ತಿದ್ದರೇನೋ… ಹೇಳಿದ್ದು ಅವರಿಗಾಗಿಯೋ ನನಗಾಗಿಯೋ, ಈಗಲೂ ಗೊತ್ತಿಲ್ಲ.

ಈಗ ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತಿದ್ದೇನೆ. ಒತ್ತಕ್ಷರ ಬಂದರೆ ಬೆವರು ಬರುತ್ತದೆ. ಚಿಪ್ಸ್ ವಾಸನೆ ಬಂದ ದಿನದಿಂದ ಆ ಇಪ್ಪತ್ತು ಪುಟವನ್ನು ನೆನಪು ಮಾಡಿಕೊಂಡು ಒತ್ತುತ್ತಾ ಕೂತೆ. ಆ ತಾಯಿಯ ಹೆಸರು ನೆನಪಾಗಲಿಲ್ಲ. ಅವಳು ಏನು ಮಾಡಿದಳು ಅನ್ನುವುದಿದೆ; ಅವರು ಅದನ್ನು ಹೇಳಿದ ರೀತಿ ಹೋಗಿದೆ. ಆದರೂ ನಿನ್ನೆ ಮೊಮ್ಮಗಳ ಮುಂದೆ ಫೋನು ಹಿಡಿದು, ನೋಡೇ, ರೇಡಿಯೋ ಅಂಕಲ್ ಪುಟಗಳನ್ನು ಉಳಿಸಿಬಿಟ್ಟೆ ಅಂತ ಕೊಚ್ಚಿಕೊಂಡು ಓದಿದೆ.

ಅವಳು ಪೂರ್ತಿ ಕೇಳಿಸಿಕೊಂಡು ಅಂದಳು: ‘ಯು ಸೆಡ್ ಟ್ವೆಂಟಿ ಪೇಜಸ್, ಅಜ್ಜಿ. ದಿಸ್ ಈಸ್ ಫೈವ್ ಲೈನ್ಸ್.’